ನೋಡದೆ ಬರೆದ ಅಳತೆ

ಶಿವಲಿಂಗಯ್ಯ ಮೂವತ್ತೊಂದು ವರ್ಷ ಸೌಡಿಯಾಗಿದ್ದ. ಪಾಂಡವಪುರದ ಕಡೆಯ ತೂಬಿನಕೊಪ್ಪಲಿನಲ್ಲಿ ಹರಿಯುವ ಕವಲುನಾಲೆಗೆ ನೀರು ಬಿಡುವುದು, ನಿಲ್ಲಿಸುವುದು, ಯಾರ ಗದ್ದೆಗೆ ಯಾವ ದಿನ ಎಂದು ಹೇಳುವುದು ಅವನ ಕೆಲಸ. ಅದರ ಜೊತೆಗೆ ಇನ್ನೊಂದು ಚಿಕ್ಕ ಕೆಲಸವೂ ಇತ್ತು. ನಾಲೆಯ ಗೋಡೆಗೆ ಅಡಿ ಮತ್ತು ಇಂಚುಗಳ ಗುರುತಿದ್ದ ಒಂದು ಕಬ್ಬಿಣದ ಪಟ್ಟಿ ಜಡಿದಿದ್ದರು. ಬೆಳಿಗ್ಗೆ ಆರಕ್ಕೆ ಅದರ ಮುಂದೆ ನಿಂತು ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಬೇಕು, ಅಳತೆ ಪುಸ್ತಕದಲ್ಲಿ ಬರೆಯಬೇಕು, ಶೆಡ್ಡಿನಲ್ಲಿದ್ದ ಕರಿ ಫೋನಿನಲ್ಲಿ ಮೇಲಿನವರಿಗೆ ಹೇಳಬೇಕು. ಮೂರು ಅಡಿ ದಾಟಿದ್ದರೆ ಎಲ್ಲಕ್ಕಿಂತ ಮೊದಲು ಸೀಟಿ ಊದಬೇಕು. ಸೀಟಿ ಕೇಳಿದರೆ ಸೋಪಾನಕಟ್ಟೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಬುಟ್ಟಿ ಎತ್ತಿಕೊಂಡು ಮೇಲಿನ ಮೆಟ್ಟಿಲಿಗೆ ಹತ್ತುತ್ತಿದ್ದರು. ಆಮೇಲೆ, ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡುವ ಬಾಗಿಲನ್ನು ಎತ್ತಬೇಕು. ಎಲ್ಲ ಸೇರಿ ಕಾಲು ಗಂಟೆಯ ಕೆಲಸ.

ಉಳಿದ ಹೊತ್ತಿನಲ್ಲಿ ಅವನು ಓದುತ್ತಿದ್ದ. ವಾರಕ್ಕೊಮ್ಮೆ ಪಾಂಡವಪುರದ ಗ್ರಂಥಾಲಯಕ್ಕೆ ಸೈಕಲ್ಲಿನಲ್ಲಿ ಹೋಗಿ ಎರಡು ಕಾದಂಬರಿ ತರುವನು. ಕಾದಂಬರಿ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಅವನಲ್ಲಿದ್ದದ್ದು ಒಂದೇ ಪರೀಕ್ಷೆ. ಬರೆದವನು ಅಲ್ಲಿಗೆ ಹೋಗಿ ನೋಡಿದ್ದಾನೋ, ಕೂತಲ್ಲೇ ಬರೆದಿದ್ದಾನೋ? ಗುದ್ದಲಿ ಹಿಡಿಯುವವನ ಅಂಗೈಯಲ್ಲಿ ಜಡ್ಡು ಎಲ್ಲಿ ಕಟ್ಟುತ್ತದೆ ಎಂಬುದನ್ನು ತಪ್ಪಾಗಿ ಬರೆದಿದ್ದರೆ ಆ ಪುಸ್ತಕವನ್ನು ಅಲ್ಲಿಗೇ ಮುಚ್ಚಿ ವಾಪಸು ಕೊಟ್ಟುಬಿಡುತ್ತಿದ್ದ. ಓದುತ್ತ ಓದುತ್ತ ತಾನೂ ಬರೆಯತೊಡಗಿದ. ಬಾವಿಯ ಬಗ್ಗೆ ಬರೆಯಬೇಕಾದರೆ ಹಗ್ಗ ಇಳಿಬಿಟ್ಟು ಆಳ ನೋಡಿ ಬರುವನು. ಅವನ ಪಾತ್ರವೊಂದು ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಹೋಗುವುದಿದ್ದರೆ ತಾನೂ ಒಮ್ಮೆ ಆ ಬಸ್ಸು ಹತ್ತಿ, ಎಷ್ಟು ನಿಮಿಷವಾಯಿತು ಎಂದು ಗಡಿಯಾರ ನೋಡಿಕೊಳ್ಳುವನು.

ಹೀಗೆ ಮೂರು ಕಾದಂಬರಿಗಳಾದವು. ಮೂರನೆಯದು ಬಂದು ಈಗ ಆರು ವರ್ಷ. ಶ್ರೀರಂಗಪಟ್ಟಣದಲ್ಲಿ ಒಂದು ಸಣ್ಣ ಸಭೆ ಮಾಡಿ ಶಾಲು ಹೊದಿಸಿದರು. ನಾಲೆಯಲ್ಲಿ ಹೆಣ್ಣೊಬ್ಬಳು ಸಾಯುವ ಅಧ್ಯಾಯವನ್ನು ಮಾತಾಡಿದವರೆಲ್ಲ ಹೊಗಳಿದರು. ಸೌಡಿ ಕಾಣದ್ದನ್ನು ಬರೆಯುವುದಿಲ್ಲ, ಅವನ ಒಂದೊಂದು ಸಾಲೂ ಅಳತೆ ಮಾಡಿದ ಸಾಲು ಎಂದರು. ಆ ಶಾಲನ್ನು ಅವನ ಹೆಂಡತಿ ಚಿಕ್ಕಬೋರಮ್ಮ ಆ ಚಳಿಗಾಲದಲ್ಲಿ ಕರುವಿಗೆ ಹೊದಿಸಿದಳು. ಅವನು ಬೇಡವೆನ್ನಲಿಲ್ಲ.

ಈ ವರ್ಷ, ತೀರಿಹೋದ ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬಕ್ಕೆ ಎರಡು ವಾರವಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ಪೂಜ ಬಂದಳು. ನಾಗಮಂಗಲದ ಶಾಲೆಯೊಂದರಲ್ಲಿ ಗಣಿತ ಹೇಳುವ ಅವಳು ಹುಟ್ಟಿದ್ದು ಇದೇ ತೂಬಿನಕೊಪ್ಪಲಿನಲ್ಲಿ. ಏಳು ವರ್ಷದವಳಿದ್ದಾಗ ಅವಳ ತಾಯಿ ಯಶೋಧ ನಾಲೆಯ ಪಾಲಾದಳು. ತಂದೆಯೂ ಈಗಿಲ್ಲ. ಊರಲ್ಲಿ ಉಳಿದವರು ದೊಡ್ಡಪ್ಪ ಚಿಕ್ಕಸ್ವಾಮಿ ಮತ್ತು ತಾಯಿಯ ತಾಯಿ ತಿಮ್ಮಮ್ಮ.

ಅವಳ ಕೈಯಲ್ಲಿದ್ದ ಪುಸ್ತಕವನ್ನು ಮೊದಲು ಕಂಡವಳು ಚಿಕ್ಕಬೋರಮ್ಮ.

"ಓದೋರೇ ಇಲ್ಲ ಅಂತ ಕೊರಗ್ತಿದ್ರಲ್ಲ, ತಕಳಿ, ಪುಸ್ತಕ ಇಡ್ಕೊಂಡೇ ಬಂದವ್ಳೆ" ಎಂದು ಗಂಡನಿಗೆ ಹೇಳಿ ಪೂಜಳ ಕಡೆ ತಿರುಗಿದಳು. "ನಾನಂತೂ ಒಂದು ಪುಟನೂ ಓದಿಲ್ಲ ಕಣವ್ವ. ದಿನಾ ಇವ್ರ ಬಾಯಲ್ಲಿ ಕೇಳೋದೇ ಸಾಕಾಗ್ಯದೆ."

ಪೂಜ ನಗಲಿಲ್ಲ. ಜಗಲಿಯ ಅಂಚಿಗೆ ಕೂತು, ಬಸ್ಸಿನ ಟಿಕೆಟ್ಟು ಗುರುತಿಗಿಟ್ಟಿದ್ದ ಪುಟ ತೆರೆದಳು. ನೂರ ನಲವತ್ತಮೂರನೆಯ ಪುಟ. ಪಾಠ ಓದಿದಂತೆ ಸಮನಾಗಿ ಓದಿದಳು.

"'ನಾಲೆಯಲ್ಲಿ ಅಂದು ಎರಡು ಅಡಿ ನಾಲ್ಕು ಇಂಚು ನೀರಿತ್ತು. ಸೊಂಟಕ್ಕೂ ಬಾರದ ನೀರು. ಅವಳು ಬಳೆಗಳನ್ನು ತೆಗೆದು ಸೆರಗಿನ ತುದಿಗೆ ಕಟ್ಟಿದಳು. ಆಮೇಲೆ ನೀರಿನೊಳಗೆ ಮಂಡಿಯೂರಿದಳು.' ಸೌಡಿ ಮಾವ, ಇದು ನಮ್ಮವ್ವನ್ದೇ ತಾನೆ?"

"ಕಾದಂಬರಿ ಕಣವ್ವ ಅದು. ಹೆಸರು ಬ್ಯಾರೆ..."

"ಹೆಸರು ಬ್ಯಾರೆ, ಊರು ಬ್ಯಾರೆ. ಮೆಟ್ಲು ಮಾತ್ರ ಅವೇ ಹನ್ನೊಂದು."

ಶಿವಲಿಂಗಯ್ಯ ಪುಸ್ತಕಕ್ಕೆ ಕೈ ಚಾಚಿದ, ಅವಳು ಕೊಡಲಿಲ್ಲ.

"ನಾನು ಕತೆ ಪುಸ್ತಕ ಓದೋಳಲ್ಲ ಮಾವ. ಇದು ಬಂದಾಗ್ಲೂ ಓದ್ಲಿಲ್ಲ. ಓದ್ದೋರು ಬಂದು ದೊಡ್ಡಪ್ಪನಿಗೆ ಹೇಳಿದ್ರು. ಸೌಡಿ ಕಂಡಿದ್ದನ್ನೇ ಬರೆಯೋನು, ತಾನಾಗೇ ಹೋಗವ್ಳೆ, ಅಂಥೋರಿಗೆ ಎಡೆ ಇಡಂಗಿಲ್ಲ ಅಂದ್ಬುಟ್ಟು ದೊಡ್ಡಪ್ಪ ಆ ವರ್ಷದಿಂದ ಅವ್ವನಿಗೆ ಎಡೆ ಇಡೋದ ನಿಲ್ಲಿಸ್ತು. ಪಕ್ಷದಲ್ಲಿ ಹಿರೇರ ಸಾಲಲ್ಲಿ ಎಲ್ಲರದೂ ಸೀರೆ ಪಂಚೆ ಇರ್ತವೆ, ಅವ್ವಂದಿಲ್ಲ. ಈ ಬೇಸಿಗೇಲಿ ಓದಿದೆ. ನಾಲೇಲಿ ನೀರು ನಿಲ್ಸಿದ್ರಲ್ಲ, ಟೇಪ್ ತಂದು ಮೆಟ್ಲು ಅಳ್ದೆ. ಒಂದೊಂದು ಆರಿಂಚು. ಅವತ್ತು ಕೆಳಗಿಂದ ಏಳನೇ ಮೆಟ್ಲು ಮುಳುಗಿತ್ತು ಅಂತ ಅಜ್ಜಿ ಇವತ್ತಿಗೂ ಹೇಳ್ತದೆ. ಏಳಾರ್ಲಿ ನಲವತ್ತೆರಡು. ಮೂರೂವರೆ ಅಡಿ ದಾಟ್ತದೆ. ಎರಡಡಿ ನಾಲ್ಕಿಂಚು ಎಲ್ಲಿಂದ ಬಂತು?"

"ಅಳತೆ ಪುಸ್ತಕದಲ್ಲಿ ಅಷ್ಟೇ ಇತ್ತು" ಎಂದ ಶಿವಲಿಂಗಯ್ಯ. ಅದು ಸುಳ್ಳಲ್ಲ.

"ಬರೆದಿದ್ದು ಯಾರು?"

ಚಿಕ್ಕಬೋರಮ್ಮ ಒಳಗಿನಿಂದ ತಂದ ಮಜ್ಜಿಗೆಯನ್ನು ಪೂಜ ಕುಡಿದು ಲೋಟವನ್ನು ಜಗಲಿಯ ಮೇಲಿಟ್ಟಳು.

"ನನಗೂ ಒಬ್ಬಳು ಮಗಳವ್ಳೆ, ಆರು ವರ್ಷ. ಅವಳಿಗೆ ಜಡೆ ಹಾಕ್ತಾ ಒಂದೊಂದ್ಸಲ ಕೈ ನಿಂತೋಗ್ತದೆ. ನಮ್ಮವ್ವ ಅವತ್ತು ನಂಗೆ ಜಡೆ ಹಾಕಿ, ರೊಟ್ಟಿ ಮುಚ್ಚಿಟ್ಟು, ಬೇಕು ಅಂತಲೇ ನನ್ನ ಬುಟ್ಟು ಹೋದ್ಲಾ, ಇಲ್ವಾ? ನಂಗೆ ಬೇಕಾಗಿರೋದು ಅಷ್ಟೇ. ಪಕ್ಷದ ದಿನ ದೊಡ್ಡಪ್ಪನ ಮನೆಗೆ ಬನ್ನಿ. ಯಾವುದು ನಿಜವೋ ಅದನ್ನೇ ಎಲ್ಲರ ಮುಂದೆ ಹೇಳಿ."

ಪೂಜ ಹೋದಮೇಲೆ ಚಿಕ್ಕಬೋರಮ್ಮ ಲೋಟ ಎತ್ತಿಕೊಂಡು ಗಂಡನ ಮುಖ ನೋಡಿದಳು. ಆ ನೋಟ ಅವನಿಗೆ ಹೆದರಿಕೆ ಹುಟ್ಟಿಸಿತು.

ಅದು ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಡಿಸೆಂಬರಿನ ಬೆಳಗು, ಮಂಜು. ಅವನ ಮೊದಲ ಕಾದಂಬರಿ ಅಂದು ಮುಗಿಯುವುದರಲ್ಲಿತ್ತು. ಐದು ಗಂಟೆಗೇ ಶೆಡ್ಡಿಗೆ ಬಂದು ಕೊನೆಯ ಅಧ್ಯಾಯ ಹಿಡಿದಿದ್ದ. ಬರೆಯುವವರಿಗೆ ವರ್ಷಕ್ಕೊಂದೋ ಎರಡೋ ಸಲ ಸಿಗುವ ಗಳಿಗೆ ಅದು, ಒಂದು ಸಾಲು ಮುಗಿಯುವ ಮೊದಲೇ ಮುಂದಿನ ಸಾಲು ಬಾಗಿಲಲ್ಲಿ ಬಂದು ನಿಂತಿರುತ್ತದೆ. ಆರು ಗಂಟೆಯಾಯಿತು. ಎದ್ದು ಅಳತೆ ಪಟ್ಟಿಯ ತನಕ ಹೋಗಿ ಬರುವುದು ನಲವತ್ತು ಹೆಜ್ಜೆ. ಎದ್ದರೆ ಸಾಲು ಹೋಗಿಬಿಡುತ್ತದೆ ಎನ್ನಿಸಿತು. ಎಂಟು ದಿನದಿಂದ ನೀರು ಎರಡು ಅಡಿ ನಾಲ್ಕು ಇಂಚಿನಲ್ಲೇ ನಿಂತಿತ್ತು. ಎಡಗೈಯಿಂದ ಅಳತೆ ಪುಸ್ತಕ ಎಳೆದುಕೊಂಡು, ಹಿಂದಿನ ದಿನದ ಅಂಕಿಯನ್ನೇ ಬರೆದು, ಫೋನಿನಲ್ಲಿ ಅದನ್ನೇ ಹೇಳಿ, ಮತ್ತೆ ಕಾದಂಬರಿಗೆ ಬಂದ.

ಪಕ್ಕದ ಕವಲಿನ ಏರಿ ನಸುಕಿನಲ್ಲಿ ಒಡೆದು ಅಲ್ಲಿಗೆ ಹೋಗಬೇಕಾದ ನೀರೆಲ್ಲ ಇತ್ತ ತಿರುಗಿದ್ದು ಅವನಿಗೆ ಗೊತ್ತಿರಲಿಲ್ಲ. ಯಶೋಧ ಆರಕ್ಕೆ ಹತ್ತು ನಿಮಿಷವಿರುವಾಗಲೇ ಜಮಖಾನ ಒಗೆಯಲು ಮೆಟ್ಟಿಲಿಗೆ ಇಳಿದಿದ್ದಳು. ಮಂಜಿನಲ್ಲಿ ನೀರು ಏರಿದ್ದು ಕಂಡಿರಲಾರದು. ನೆನೆದ ಜಮಖಾನ ನೀರಿಗೆ ಸಿಕ್ಕಿದರೆ ಹೋರಿ ಎಳೆದಂತೆ ಎಳೆಯುತ್ತದೆ. ಆರೂ ಇಪ್ಪತ್ತಕ್ಕೆ ಯಾರೋ ಕೂಗಿದ್ದು ಕೇಳಿ ಅವನು ಓಡಿದ. ಓಡುವಾಗ ಪಟ್ಟಿ ಕಣ್ಣಿಗೆ ಬಿತ್ತು. ಮೂರು ಅಡಿ ಒಂಬತ್ತು ಇಂಚು.

ಮುಂದಿನ ತೂಬಿನ ಕಂಬಿಯ ಹತ್ತಿರ ಹೆಣ ಸಿಕ್ಕಿತು. ಪೊಲೀಸರು ಅಳತೆ ಪುಸ್ತಕ ನೋಡಿದರು, ಕಾಲು ಜಾರಿದ್ದು ಎಂದು ಬರೆದುಕೊಂಡು ಹೋದರು. ತಿದ್ದಲು ಅವನಿಗೆ ಆ ಇಡೀ ದಿನವಿತ್ತು. ತಿದ್ದಲಿಲ್ಲ. ಸಂಜೆಯ ಹೊತ್ತಿಗೆ ಊರಲ್ಲಿ ಪಿಸುಮಾತು ಶುರುವಾಗಿತ್ತು: ಎರಡಡಿ ನೀರಲ್ಲಿ ದೊಡ್ಡ ಹೆಂಗಸು ಹೆಂಗೆ ಮುಳುಗಿದಳು? ಆ ಪಿಸುಮಾತು ಹುಟ್ಟಿದ್ದೇ ಅವನ ಅಂಕಿಯಿಂದ. ಏರಿ ಒಡೆದ ಸುದ್ದಿ ಮಧ್ಯಾಹ್ನ ಬಂದಿತ್ತು, ಆದರೆ ನೀರು ಏರಿದ್ದು ಆಮೇಲೆ ಎಂದೇ ಎಲ್ಲರೂ ತಿಳಿದರು. ಸೌಡಿಯ ಪುಸ್ತಕದಲ್ಲಿ ಹಾಗಿತ್ತಲ್ಲ. ತಿಮ್ಮಮ್ಮ ಒಬ್ಬಳು ಏಳನೇ ಮೆಟ್ಟಿಲು, ಏಳನೇ ಮೆಟ್ಟಿಲು ಎನ್ನುತ್ತಿದ್ದಳು. ಹೆತ್ತ ಕರುಳಿನ ಮಾತು ಎಂದು ಜನ ಬಿಟ್ಟರು.

ಪಿಸುಮಾತು ವರ್ಷ ಕಳೆದಂತೆ ಆರಿತು. ಅವನೊಳಗೆ ಆರಲಿಲ್ಲ. ಮೂರನೆಯ ಕಾದಂಬರಿ ಬರೆಯುವಾಗ ಆ ಹೆಣ್ಣು ತಾನಾಗಿಯೇ ಬಂದು ಮೆಟ್ಟಿಲ ಮೇಲೆ ನಿಂತಳು. ನಿಜ ಬರೆಯಲೆಂದೇ ಅವನು ಪೆನ್ನು ಹಿಡಿದದ್ದು. ಆದರೆ ಎರಡು ಅಡಿ ನಾಲ್ಕು ಇಂಚು ಎಂದು ಒಮ್ಮೆ ಬರೆದಮೇಲೆ ಮುಂದಿನದೆಲ್ಲ ಲೆಕ್ಕದ ಹಾಗೆ ಬಂತು. ಅಷ್ಟು ನೀರಿನಲ್ಲಿ ಹೆಂಗಸೊಬ್ಬಳು ಸಾಯಬೇಕಾದರೆ ಅವಳೇ ಮಂಡಿಯೂರಬೇಕು. ಮಂಡಿಯೂರಬೇಕಾದರೆ ಅವಳಿಗೊಂದು ದುಃಖ ಬೇಕು. ದುಃಖಕ್ಕೆ ಒಂದು ಗುರುತು ಬೇಕು. ಬಳೆ ಹಾಗೆ ಬಂದವು. ಬರೆದು ಮುಗಿಸಿದ ದಿನ ಅವನಿಗೆ ಎಷ್ಟೋ ವರ್ಷಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಕಾದಂಬರಿ ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಸಭೆಯಲ್ಲಿ ಹೇಳಿಯೂ ಬಿಟ್ಟ. ಆ ಭಾರ ಯಾರ ಮೇಲೆ ಇಳಿಯಿತು ಎಂದು ಅಂದು ಯೋಚಿಸಲಿಲ್ಲ. ಬಾವಿಯ ಆಳ ಅಳೆದವನು, ಬಸ್ಸಿನ ನಿಮಿಷ ಎಣಿಸಿದವನು, ನೀರಿನ ಗುರುತನ್ನೂ ಹೆಣವನ್ನೂ ತಾನು ಕಣ್ಣಾರೆ ಕಂಡ ಒಂದೇ ಒಂದು ಸಾವನ್ನು ನೋಡದವನ ಹಾಗೆ ಬರೆದಿದ್ದ.

ಪಕ್ಷದ ಹಬ್ಬದ ದಿನ ಬೆಳಿಗ್ಗೆ ಅವನು ಅಂಗಿ ಹಾಕಿಕೊಳ್ಳುವಾಗ ಚಿಕ್ಕಬೋರಮ್ಮ ಕೇಳಿದಳು.

"ಓಗ್ಲೇಬೇಕಾ?"

"ಊಂ."

"ಓಗಿ ಬಂದ್ಮೇಲೆ ಈ ಊರಲ್ಲಿ ಮೊದಲಿನಂಗೆ ಇರಕಾಯ್ತದಾ?"

"ಇಲ್ಲ ಅನ್ಸುತ್ತೆ."

ಅವಳು ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು. "ಆ ಹುಡ್ಗಿ ಬಂದೋದಾಗಿಂದ ನೀವು ಉಣ್ಣಾದು ಬುಟ್ಟಿದ್ದೀರಿ. ಓಗಿ."

ಚಿಕ್ಕಸ್ವಾಮಿಯ ಮನೆಯಲ್ಲಿ ಆಗಷ್ಟೇ ಎಡೆ ಹಾಕಿ ಮುಗಿದಿತ್ತು. ನಡುಮನೆಯಲ್ಲಿ ಹಿರಿಯರ ಸೀರೆ ಪಂಚೆಗಳನ್ನು ಸಾಲಾಗಿ ಜೋಡಿಸಿ, ಬಾಳೆ ಎಲೆಗಳಲ್ಲಿ ಬಾಡು, ಮುದ್ದೆ, ವಡೆ, ಕಜ್ಜಾಯ ಬಡಿಸಿ, ಸೇದುತ್ತಿದ್ದವರ ಎಲೆಗೆ ಬೀಡಿಯಿಟ್ಟು, ಧೂಪ ಹಾಕಿ ಬಾಗಿಲು ಮುಚ್ಚಿದ್ದರು. ಹಿರಿಯರು ಬಂದು ಉಂಡು ಹೋಗುವ ತನಕ ಮನೆಯವರೆಲ್ಲ ಹೊರಗಿರಬೇಕು. ಅವರು ಜಗಲಿಯಲ್ಲಿ ಕೂತಿದ್ದರು. ಕಂಬಕ್ಕೊರಗಿದ ಪೂಜಳ ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಸಿರು ಸೀರೆ ಇತ್ತು.

"ಬಾರಪ್ಪ ಸೌಡಿ" ಎಂದ ಚಿಕ್ಕಸ್ವಾಮಿ. "ಒಳ್ಳೆ ಟೇಮಿಗೇ ಬಂದೆ. ಬಾಡಿನ ವಾಸ್ನೆ ಅಲ್ಲೀ ಗಂಟ ಬಂತಾ?"

ಶಿವಲಿಂಗಯ್ಯ ಕೂರಲಿಲ್ಲ. ನಿಂತೇ ಹೇಳಿದ. ಆ ದಿನ ಆರು ಗಂಟೆಗೆ ಪಟ್ಟಿಯ ಹತ್ತಿರ ಹೋಗಲಿಲ್ಲ ಎಂದ. ಹಿಂದಿನ ದಿನದ ಅಂಕಿ ಬರೆದೆ ಎಂದ. ನೀರು ಮೂರು ಅಡಿ ಒಂಬತ್ತು ಇಂಚಿತ್ತು, ಸೀಟಿ ಊದಲಿಲ್ಲ, ಯಶೋಧ ತಾನಾಗಿ ಹೋಗಲಿಲ್ಲ, ಪುಸ್ತಕದಲ್ಲಿರುವುದು ಸುಳ್ಳು ಎಂದ. ಹೇಳಿದ್ದೆಲ್ಲ ಎಂಟು ಹತ್ತು ಮಾತು. ಇನ್ನೂರು ಪುಟದಲ್ಲಿ ಹೇಳಲಾಗದ್ದು ಒಂದು ಬೀಡಿ ಸೇದುವಷ್ಟರಲ್ಲಿ ಮುಗಿದುಹೋಯಿತು.

"ಏನ್ ಮಾಡ್ತಿದ್ದೆ ಅವಾಗ?" ಎಂದ ಚಿಕ್ಕಸ್ವಾಮಿ.

"ಬರೀತಿದ್ದೆ."

"ಏನ?"

"ಕತೆ."

ಚಿಕ್ಕಸ್ವಾಮಿ ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡು ಶಿವಲಿಂಗಯ್ಯ ಕೈಗಳನ್ನು ಕೆಳಗೇ ಬಿಟ್ಟುಕೊಂಡು ನಿಂತ. ಅವನು ಹೊಡೆಯಲಿಲ್ಲ.

"ಆರು ವರ್ಸ ನನ್ ಕೈಲೇ ಅವಳ ಎಡೆ ತಪ್ಪಿಸ್ಬುಟ್ಯಲ್ಲಾ. ತಮ್ಮ ಸಾಯೋವಾಗ ನನ್ ಕೈಗೆ ಒಪ್ಪಿಸ್ಬುಟ್ಟು ಹೋದ ಕಣ್ಲಾ, ಅವಳ್ದು ಎಡೆ ತಪ್ಪಿಸ್ಬ್ಯಾಡ ಅಂತ. ನಿನ್ನ ಪುಸ್ತಕ ನಂಬ್ಕೊಂಡು ಅವನ ಮಾತು ಮುರದೆ."

ಮೂಲೆಯಲ್ಲಿ ಕೂತಿದ್ದ ತಿಮ್ಮಮ್ಮನಿಗೆ ಎಪ್ಪತ್ತೆಂಟು. ಕಣ್ಣು ಮಂಜು, ಕಿವಿ ಚೆನ್ನಾಗಿದೆ. ನೀರಿನ ವಿಷಯ ಅವಳು ಕೇಳಲಿಲ್ಲ. ಅದು ಅವಳಿಗೆ ಮೊದಲಿಂದಲೂ ಗೊತ್ತಿತ್ತು.

"ಬಳೆ?" ಎಂದಳು.

"ಅದು ನಾನು ಕಟ್ಟಿದ ಕತೆ ಕಣವ್ವ."

"ಬಳೆ ತಗದ್ಲು ಅಂತ ಬರದವ್ನೆ ಅಂದ್ರು. ಮುತ್ತೈದೆ ಕಣ್ಲಾ ನನ್ ಮಗಳು. ಎರಡು ಕೈಲೂ ತುಂಬ ಬಳೆ ಇದ್ವು, ಒಂದೂ ಒಡೆದಿರ್ನಿಲ್ಲ. ಅಂಗೇ ಅರಿಸ್ನ ಕುಂಕುಮ ಇಟ್ಟು ಕಳಿಸ್ದೆ. ನೀನೂ ಅಲ್ಲೇ ನಿಂತಿದ್ದೆ. ನೋಡಿದ್ದೆ."

"ನೋಡಿದ್ದೆ" ಎಂದ ಶಿವಲಿಂಗಯ್ಯ.

ಹಿರಿಯರು ಉಣ್ಣುವಾಗ ಬಾಗಿಲು ತೆಗೆಯುವ ಪದ್ಧತಿ ಇಲ್ಲ. ಚಿಕ್ಕಸ್ವಾಮಿ ಹೋಗಿ ಬಾಗಿಲು ತೆಗೆದ. ಪೂಜ ಒಳಗೆ ಹೋಗಿ ಸಾಲಿನಲ್ಲಿ ಜಾಗ ಮಾಡಿ ಹಸಿರು ಸೀರೆ ಇಟ್ಟಳು, ಅದರ ಮೇಲೆ ಒಂದು ಡಜನ್ ಬಳೆ ಇಟ್ಟಳು, ಎಲೆ ಹಾಸಿ ಬಡಿಸಿದಳು. ಮತ್ತೆ ಬಾಗಿಲು ಮುಚ್ಚಿದರು.

"ನೀನು ಈ ಮನೇಲಿ ಉಣ್ಣಕ್ಕೆ ಕೂರ್ಬ್ಯಾಡ" ಎಂದ ಚಿಕ್ಕಸ್ವಾಮಿ. ಎಡೆಯ ದಿನ ದಾರಿಯಲ್ಲಿ ಹೋಗುವವರನ್ನೂ ಕರೆದು ಬಡಿಸುವ ಮನೆ ಅದು.

ಅವನು ಬೀದಿಗಿಳಿದು ನಾಲ್ಕು ಹೆಜ್ಜೆ ಹೋದಮೇಲೆ ಪೂಜ ಹಿಂದೆ ಬಂದಳು. ಅತ್ತಿರಲಿಲ್ಲ. ಕ್ಷಮಿಸಿದ ಮುಖವೂ ಅಲ್ಲ.

"ಆ ಪುಸ್ತಕ ಎಲ್ಲೆಲ್ಲಿ ಅವೆ?"

"ಮನೇಲಿ ಉಳಿದವು ಒಂದಷ್ಟು. ಅವನ್ನ ಸುಡ್ತೀನಿ. ಕೊಂಡ್ಕೊಂಡೋರದ್ದು ಗೊತ್ತಿಲ್ಲ. ಲೈಬ್ರರಿಗಳಲ್ಲಿ ಅವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಿಮ್ಮ ನಾಗಮಂಗಲ. ಹಳ್ಳಿಗಳಲ್ಲೂ ಒಂದೊಂದು."

"ಅವುಗಳಲ್ಲೆಲ್ಲ ಅವ್ವ ಇನ್ನೂ ಮಂಡಿಯೂರ್ಕೊಂಡೇ ಅವ್ಳೆ ಮಾವ" ಎಂದಳು ಪೂಜ. ಅಷ್ಟು ಹೇಳಿ ಒಳಗೆ ಹೋದಳು.

ಮರುವಾರದಿಂದ ಅವನು ಊರೂರು ತಿರುಗತೊಡಗಿದ. ಒಂದು ಪಟ್ಟಿ ಮಾಡಿಕೊಂಡ: ನಾಲ್ಕು ತಾಲೂಕುಗಳಲ್ಲಿ ಹತ್ತೊಂಬತ್ತು ಪ್ರತಿ. ಒಂದು ಕಪ್ಪು ಶಾಯಿಯ ಪೆನ್ನು, ಒಂದು ಅಡಿಕೋಲು, ಬುತ್ತಿ. ನೂರ ನಲವತ್ತಮೂರನೆಯ ಪುಟದಲ್ಲಿ ಎರಡು ಅಡಿ ನಾಲ್ಕು ಇಂಚು ಎಂಬುದರಿಂದ ಮಂಡಿಯೂರಿದಳು ಎಂಬಲ್ಲಿಯ ತನಕ ಅಡಿಕೋಲಿಟ್ಟು ಗೆರೆ ಎಳೆದು ಅಂಚಿನಲ್ಲಿ ಬರೆಯುವನು. 'ಇದು ಸುಳ್ಳು. ಅಂದು ನೀರು ಮೂರು ಅಡಿ ಒಂಬತ್ತು ಇಂಚು ಇತ್ತು. ಸೌಡಿ ನೋಡಲಿಲ್ಲ, ಸೀಟಿ ಊದಲಿಲ್ಲ. ಅವಳು ಬಟ್ಟೆ ಒಗೆಯಲು ಬಂದಿದ್ದಳು. ಅವಳ ಬಳೆ ಕೈಯಲ್ಲೇ ಇದ್ದವು. ಆ ಸೌಡಿ ನಾನು.' ಕೆಳಗೆ ಸಹಿ, ತಾರೀಖು. ಅರಕೆರೆಯ ಪ್ರತಿಯಲ್ಲಿ ಅಚ್ಚಿನವರು ಕತ್ತರಿಸದೆ ಬಿಟ್ಟ ಪುಟಗಳು ಅಂಟಿಕೊಂಡೇ ಇದ್ದವು, ಯಾರೂ ಓದಿರಲಿಲ್ಲ. ತನ್ನ ಪುಸ್ತಕವನ್ನು ಓದದೆ ಬಿಟ್ಟ ಊರು ಕಂಡು ಕಾದಂಬರಿಕಾರನೊಬ್ಬ ಸಮಾಧಾನಪಟ್ಟಿದ್ದು ಅದೇ ಮೊದಲಿರಬೇಕು. ಆದರೂ ಬ್ಲೇಡಿನಿಂದ ಪುಟ ಬಿಡಿಸಿ ಬರೆದ.

ಕೆ.ಆರ್.ಪೇಟೆಯಲ್ಲಿ ಗ್ರಂಥಪಾಲಕಿ ಸುನಿತಾ ಅವನನ್ನು ಹಿಡಿದಳು.

"ಲೈಬ್ರರಿ ಪುಸ್ತಕದಲ್ಲಿ ಗೀಚಬಾರ್ದು ಯಜಮಾನ್ರೆ. ಬೋರ್ಡ್ ಕಾಣಲ್ವಾ?"

"ನಾನೇ ಬರೆದಿರೋದು ಕಣಮ್ಮ ಇದು."

"ಯಾರು ಬರೆದಿದ್ರೂ ಅಷ್ಟೇ. ಬರೆದೋರು ಬಂದ್ ತಿದ್ದುಕೊಂಡು ಹೋಗೋದಾದ್ರೆ ಓದೋರ ಗತಿ ಏನು?"

ಅವನು ಪುಟದ ವಿಷಯ ಹೇಳಿದ. ಅವಳು ಕಪಾಟಿನ ಬೀಗದ ಕೈ ಹುಡುಕುವವಳಂತೆ ಒಳಗೆ ಹೋದಳು. ಬೇಗ ಬರಲಿಲ್ಲ.

ಆ ಪ್ರತಿಯ ನೂರ ನಲವತ್ತಮೂರನೆಯ ಪುಟದ ಅಂಚಿನಲ್ಲಿ ಆಗಲೇ ಪೆನ್ಸಿಲ್ಲಿನ ಬರಹವಿತ್ತು. ಅಕ್ಷರ ಸಣ್ಣದು, ಒತ್ತಿ ಬರೆದದ್ದು. 'ನಮ್ಮಕ್ಕನೂ ಹೀಗೇ ಹೋದಳು. ಎಲ್ಲರೂ ಬಯ್ದರು. ಇವರು ಬಯ್ಯದೆ ಬರೆದಿದ್ದಾರೆ.' ಹೆಸರಿಲ್ಲ.

ಶಿವಲಿಂಗಯ್ಯ ಪೆನ್ನಿನ ಮುಚ್ಚಳ ಹಾಕಿ ಕೂತ. ಮೂರು ಕಾದಂಬರಿ ಬರೆದ ಮೇಲೆ, ಒಬ್ಬ ಓದುಗ ತನ್ನ ಪಕ್ಕದಲ್ಲೇ ಕೂತು ಉಸಿರಾಡಿದಂತೆ ಅನ್ನಿಸಿದ್ದು ಇದೊಂದೇ ಸಲ. ಅದೂ ಈ ಪುಟದಲ್ಲಿ. ಸುಳ್ಳು ಸಾಲೊಂದು ಯಾರದೋ ಮನೆಯಲ್ಲಿ ನಿಜವಾಗಿ ಹೋಗಿತ್ತು. ಯಶೋಧಳ ಸಾವನ್ನು ಕದ್ದು ಬರೆದದ್ದು ಬೇರೊಬ್ಬಳ ತಂಗಿಗೋ ತಮ್ಮನಿಗೋ ಆಸರೆಯಾಗಿತ್ತು. ಇದರಿಂದ ತನ್ನ ತಪ್ಪು ಒಂದು ಇಂಚಾದರೂ ಕಡಿಮೆಯಾಯಿತೇ ಎಂದು ಕೇಳಿಕೊಂಡ. ಆಗಲಿಲ್ಲ. ಹಾಗೆಂದು ಆ ಪೆನ್ಸಿಲ್ಲಿನ ಅಕ್ಷರದ ಮೇಲೆ ಶಾಯಿ ಎಳೆಯುವ ಹಕ್ಕು ತನಗಿದೆಯೇ? ಅದೂ ಇರಲಿಲ್ಲ.

ಅಡಿಕೋಲಿಟ್ಟು ಗೆರೆ ಎಳೆದ. ಪೆನ್ಸಿಲ್ಲಿನ ಬರಹಕ್ಕೆ ತಾಗದಂತೆ ಪುಟದ ಕೆಳಗೆ ತನ್ನದನ್ನು ಬರೆದ. ಕೊನೆಗೆ ಒಂದು ಸಾಲು ಸೇರಿಸಿದ: 'ನಿಮ್ಮಕ್ಕನನ್ನು ನಾನು ಕಾಣೆ. ಅವರ ಬಗ್ಗೆ ಇಲ್ಲಿ ನಾನು ಏನನ್ನೂ ಹೊಡೆದುಹಾಕಿಲ್ಲ.'

ದೀಪಾವಳಿ ಕಳೆಯುವ ಹೊತ್ತಿಗೆ ಹದಿನಾರು ಪ್ರತಿ ಮುಗಿದವು. ತೂಬಿನಕೊಪ್ಪಲಿನಲ್ಲಿ ಈಗ ಅವನು ಅಂಗಡಿಯ ಮುಂದೆ ನಿಂತರೆ ಮಾತು ನಿಲ್ಲುತ್ತದೆ. ಚಿಕ್ಕಬೋರಮ್ಮ ಹಾಲು ಹಾಕಲು ಡೈರಿಗೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಾಳೆ. ಶಿವಲಿಂಗಯ್ಯ ತಿದ್ದಿದ ಪ್ರತಿಗಳ ಪಟ್ಟಿಯನ್ನು ಪೂಜಳಿಗೆ ಮೊಬೈಲಿನಲ್ಲಿ ಕಳಿಸಿದ. ಊರು, ತಾರೀಖು, ಪ್ರತಿಯ ಸಂಖ್ಯೆ. ಉಳಿದ ಮೂರನ್ನು ಓದಲು ಒಯ್ದವರು ವರ್ಷಗಳಾದರೂ ವಾಪಸು ತಂದಿಲ್ಲ ಎಂದು ಕೊನೆಯಲ್ಲಿ ಬರೆದ.

ಮೂರನೆಯ ದಿನ ಅವಳ ಉತ್ತರ ಬಂತು.

'ಒಯ್ದವರ ವಿಳಾಸ ಇರಬೇಕಲ್ಲ?'

ಇತ್ತು. ನಾಗಮಂಗಲದ ಗ್ರಂಥಾಲಯದಲ್ಲಿ ಕೇಳಿ ಬರೆದುಕೊಂಡ ಮೊದಲನೆಯ ವಿಳಾಸ ಬಿಂಡಿಗನವಿಲೆಯದು. ಬಸ್ ನಿಲ್ದಾಣದಲ್ಲಿ ಅವನು ಗಡಿಯಾರ ನೋಡಿದ, ಹನ್ನೊಂದೂ ನಲವತ್ತು. ಅಲ್ಲಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಪಕ್ಕದವರನ್ನು ಕೇಳಿದ. ಗೊತ್ತಿಲ್ಲ, ಹನ್ನೆರಡಕ್ಕಿರಬಹುದು ಎಂದರು. ಇರಬಹುದು ಎಂದದ್ದನ್ನು ನಂಬದೆ ಎದ್ದು ಹೋಗಿ, ಗೋಡೆಯ ಮೇಲಿದ್ದ ವೇಳಾಪಟ್ಟಿಯ ಮುಂದೆ ನಿಂತು, ಬೆರಳಿಟ್ಟು ನೋಡಿದ.